ಹಾಜರಿ ಹೇಳದ ಹುಡುಗಿ

ಆ ಹುಡುಗಿಗೆ ಆಟಿಸಂ ಇರಬೇಕು ಎಂದು ಮೊದಲು ಬಾಯಿ ಬಿಟ್ಟವಳು ನಾನೇ. ಹಾನಗಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಹದಿನಾರು ವರ್ಷದಿಂದ ಒಂದನೇ ತರಗತಿಗೆ ಕಲಿಸುತ್ತಿದ್ದೇನೆ. ಮಗುವಿನ ಮುಖ ನೋಡಿದರೆ ಸಾಕು, ಅದು ಎಂಥದ್ದು ಎಂದು ತಿಳಿದುಬಿಡುತ್ತದೆ ಎಂಬ ಜಂಬ ಬಂದುಬಿಟ್ಟಿತ್ತು. ಆ ಜಂಬ ಇಳಿದದ್ದು ಒಂದು ಹಿಟ್ಟಿನ ಗಿರಣಿಯಲ್ಲಿ, ಅದೂ ಕರೆಂಟು ಹೋದದ್ದರಿಂದ.

ಹೋದ ವರ್ಷ ಜೂನ್‌ನಲ್ಲಿ ಸೇರಿದ ಹೊಸ ಮಕ್ಕಳಲ್ಲಿ ಅವಳೊಬ್ಬಳು. ಆರು ವರ್ಷ. ಪೇಟೆಯ ಗಿರಣಿಯವರ ಮಗಳು. ಮೊದಲ ವಾರ ಕೆಲವು ಮಕ್ಕಳು ಅಳುತ್ತವೆ, ಕೆಲವು ಗೇಟಿನ ಕಡೆ ಓಡುತ್ತವೆ. ಇವಳು ಎರಡೂ ಮಾಡಲಿಲ್ಲ. ಕೂರಿಸಿದಲ್ಲಿ ಕೂರುತ್ತಿದ್ದಳು. ಹಾಜರಿ ಕರೆದಾಗ ಉಳಿದವರೆಲ್ಲ ‘ಹಾಜರ್ರಿ ಅಕ್ಕೋರ’ ಎಂದು ಕೂಗುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯನ್ನು ಮಕ್ಕಳೂ ದೊಡ್ಡವರೂ ಅಕ್ಕೋರು ಎಂದೇ ಕರೆಯುವುದು. ಇವಳ ಹೆಸರು ಬಂದಾಗ ಮಾತ್ರ ತರಗತಿ ಸುಮ್ಮನಾಗುತ್ತಿತ್ತು. ಅವಳ ಮೈ ಸೆಟೆದುಕೊಳ್ಳುತ್ತಿತ್ತು, ಕಣ್ಣು ನೆಲಕ್ಕೆ ಅಂಟುತ್ತಿತ್ತು, ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ನಾನೇ “ಇಲ್ಲೇ ಅದಾಳ, ಬರಕೊಂಡೇನಿ” ಎಂದು ಮುಂದೆ ಹೋಗುತ್ತಿದ್ದೆ.

ಆಗಸ್ಟ್ ಬಂತು. ಒಂದು ಅಕ್ಷರವೂ ಅವಳ ಬಾಯಿಂದ ಬಿದ್ದಿರಲಿಲ್ಲ. ಬರವಣಿಗೆ ಮಾತ್ರ ಮುತ್ತಿನಂತಿತ್ತು. ಒಂದು ಮಧ್ಯಾಹ್ನ ಬಿಸಿಯೂಟ ಆದಮೇಲೆ ಕುಳಿತಲ್ಲೇ ಲಂಗ ಒದ್ದೆ ಮಾಡಿಕೊಂಡಳು. ಹೊರಗೆ ಹೋಗಬೇಕು ಎಂದು ಕೇಳುವುದಕ್ಕೂ ಅವಳಿಂದ ಆಗಿರಲಿಲ್ಲ. ಅವಳ ಲಂಗ ಬದಲಿಸುವಾಗ ನನ್ನ ಕೈಯಲ್ಲಿ ಅವಳ ತೋಳು ಕಟ್ಟಿಗೆಯಂತಿತ್ತು.

ಎರಡು ವರ್ಷದ ಹಿಂದೆ ನಾನೊಂದು ತರಬೇತಿಗೆ ಹೋಗಿದ್ದೆ. ಅಲ್ಲಿ ಕೊಟ್ಟ ಆಟಿಸಂ ಲಕ್ಷಣಗಳ ಹಾಳೆ ಇನ್ನೂ ನನ್ನ ಕಪಾಟಿನಲ್ಲಿತ್ತು. ಕಣ್ಣು ಕೊಟ್ಟು ನೋಡುವುದಿಲ್ಲ, ಕರೆದರೆ ಓಗೊಡುವುದಿಲ್ಲ, ಮಕ್ಕಳೊಡನೆ ಬೆರೆಯುವುದಿಲ್ಲ, ಮಾತಿಲ್ಲ. ಎಲ್ಲಕ್ಕೂ ಗುರುತು ಹಾಕಿದೆ. ಮರುದಿನವೇ ಅವಳ ತಾಯಿಯನ್ನು ಕರೆಸಿ, ನಿಮ್ಮ ಮಗಳಿಗೆ ಆಟಿಸಂ ಇದ್ದಂತೆ ಕಾಣುತ್ತದೆ ಎಂದೆ. ಆಕೆ ಗಾಬರಿಯಾಗಲಿಲ್ಲ. ನಾನು ಬೇರೆ ಯಾರದೋ ಮಗುವಿನ ಬಗ್ಗೆ ಮಾತಾಡುತ್ತಿದ್ದೇನೇನೋ ಎಂಬಂತೆ ನೋಡಿದಳು.

“ಮನ್ಯಾಗ ಇಕಿ ಬಾಯಿ ಮುಚ್ಚಂಗಿಲ್ರಿ ಅಕ್ಕೋರ,” ಎಂದಳು. “ಕೇಳಿ ಕೇಳಿ ನಮಗ ಸಾಕಾಗತೈತಿ.”

ಎಲ್ಲ ತಾಯಂದಿರೂ ಹೀಗೆಯೇ ಹೇಳುತ್ತಾರೆ ಎಂದುಕೊಂಡೆ. ಒಮ್ಮೆ ಮನೆಗೆ ಬಂದು ನೋಡಿ ಎಂದು ಆಕೆ ಕರೆದಳು. ಹೂಂ ಎಂದವಳು ಹೋಗಲಿಲ್ಲ.

ಹೋದದ್ದು ಗಿರಣಿಗೆ, ಅದೂ ಜೋಳ ಬೀಸಿಸಿಕೊಂಡು ಬರಲಿಕ್ಕೆ. ನಮ್ಮ ಮನೆಯಲ್ಲಿ ಅದು ನನ್ನ ಯಜಮಾನರ ಕೆಲಸ. ಆ ಭಾನುವಾರ ಅವರು ಊರಲ್ಲಿರಲಿಲ್ಲ. ಡಬ್ಬಿ ಹಿಡಿದು ಸರತಿಯಲ್ಲಿ ನಿಂತೆ. ಗಿರಣಿಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಬೆಲ್ಟು ನಿಧಾನವಾಗಿ ನಿಂತಿತು. ಆಗ, ಹಿಂದಿನ ಕೋಣೆಯಿಂದ ಒಂದು ಎಳೆಯ ದನಿ ಗಟ್ಟಿಯಾಗಿ ಕೇಳಿಸಿತು. ಅಷ್ಟು ಹೊತ್ತು ಗಿರಣಿಯ ಸದ್ದನ್ನು ಮೀರಿ ಕೂಗುತ್ತಿದ್ದ ದನಿ, ಸದ್ದು ನಿಂತದ್ದು ಗೊತ್ತಾಗದೆ ಹಾಗೆಯೇ ಮುಂದುವರಿದಿತ್ತು.

“ಎಲ್ಲಾರೂ ಕೈ ಕಟ್ರಿ. ಹಿಂದ ಯಾರದು ಗುಸುಗುಸು? ನಾ ಏನು ಇಲ್ಲಿ ಮಣ್ಣಿನ ಗೊಂಬಿ ನಿಂತಂಗ ನಿಂತೇನಿ?”

ಅದು ನನ್ನ ಮಾತು. ನನ್ನ ರಾಗ, ‘ಗೊಂಬಿ’ಯ ಮೇಲೆ ನಾನು ಹಾಕುವ ಒತ್ತು. ನಡುವೆ ಸೀಮೆಸುಣ್ಣದ ಧೂಳಿಗೆ ನಾನು ಕೆಮ್ಮುವ ಕೆಮ್ಮೂ ಇತ್ತು. ಬಾಗಿಲ ಸಂದಿಯಿಂದ ಇಣುಕಿದೆ. ಮಂದಿ ಬಿಟ್ಟುಹೋದ ಹಿಟ್ಟಿನ ಡಬ್ಬಿಗಳನ್ನು ಸಾಲಾಗಿ ಕೂರಿಸಿ ನಮ್ಮ ಹುಡುಗಿ ಶಾಲೆ ನಡೆಸುತ್ತಿದ್ದಳು. ಒಂದೊಂದು ಡಬ್ಬಿಯ ಮುಂದೆ ನಿಂತು ನನ್ನ ದನಿಯಲ್ಲಿ ಹೆಸರು ಕರೆದು, ಆಯಾ ಮಗುವಿನ ದನಿಯಲ್ಲಿ ಓಗೊಡುತ್ತಿದ್ದಳು. ತೊದಲುವವನಿಗೆ ತೊದಲು, ಸದಾ ನೆಗಡಿ ಇರುವವಳಿಗೆ ಮೂಗಿನ ಮಾತು. ಕೊನೆಯ ಸಣ್ಣ ಡಬ್ಬಿಯ ಹತ್ತಿರ ಬಂದು ತನ್ನದೇ ಹೆಸರು ಕರೆದಳು. ಸುಮ್ಮನೆ ನಿಂತಳು. ಆಮೇಲೆ ನನ್ನ ದನಿಯಲ್ಲಿ, ಬಹಳ ಮೆತ್ತಗೆ, “ಇಲ್ಲೇ ಅದಾಳ, ಬರಕೊಂಡೇನಿ” ಎಂದಳು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ನಾನು ಅಲುಗಾಡಿದ್ದಿರಬೇಕು. ಅವಳು ತಿರುಗಿ ನೋಡಿದಳು. ನಳದ ನೀರು ನಿಲ್ಲಿಸಿದಂತೆ ಮಾತು ನಿಂತಿತು. ಅರೆ ಗಳಿಗೆಯ ಹಿಂದೆ ಇಡೀ ತರಗತಿಯೇ ಕುಣಿಯುತ್ತಿದ್ದ ಮುಖ ಮರದ ಹಲಗೆಯಂತಾಯಿತು. ಮೈ ಸೆಟೆಯಿತು, ಕಣ್ಣು ನೆಲಕ್ಕೆ ಹೋಯಿತು. ನಾನು ದಿನಾ ಶಾಲೆಯಲ್ಲಿ ನೋಡುತ್ತಿದ್ದ ಹುಡುಗಿ ನನ್ನೆದುರೇ ತಯಾರಾದಳು. ಅವಳ ಸಹಜ ಸ್ವಭಾವ ಎಂದು ನಾನು ತಿಳಿದಿದ್ದು ನನ್ನನ್ನು ಕಂಡಾಗಿನ ಅವಳ ಹೆದರಿಕೆಯಾಗಿತ್ತು.

ಜೋಳದ ಡಬ್ಬಿ ಅಲ್ಲೇ ಬಿಟ್ಟು ಮನೆಗೆ ಬಂದೆ. ನೆನಪಾಗಿ ಮತ್ತೆ ಓಡಿದೆ. ಆ ಇಡೀ ದಿನ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಸೋಮವಾರ ಅವಳ ತಾಯಿಯ ಕ್ಷಮೆ ಕೇಳಿ, ಮನೆಯಲ್ಲಿ ಆಡುವುದನ್ನು ಅವಳಿಗೆ ಗೊತ್ತಾಗದ ಹಾಗೆ ಫೋನಿನಲ್ಲಿ ವಿಡಿಯೋ ತೆಗೆದುಕೊಳ್ಳಿ, ಬಲ್ಲವರಿಗೆ ತೋರಿಸೋಣ ಎಂದೆ. ವಾರದೊಳಗೆ ಹತ್ತು ವಿಡಿಯೋ ಬಂದವು.

ಶಿಗ್ಗಾಂವಿಗೆ ವಾರಕ್ಕೊಂದು ದಿನ ಒಬ್ಬ ಮಾತಿನ ಚಿಕಿತ್ಸಕಿ ಬಂದು ಮಕ್ಕಳನ್ನು ನೋಡುತ್ತಿದ್ದರು. ಧಾರವಾಡದ ಕಡೆಯವರು. ತಾಯಿ, ಮಗಳು, ನಾನು ಮೂವರೂ ಬಸ್ಸು ಹತ್ತಿದೆವು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ತುಂಬುವ ತನಕ ಹುಡುಗಿ ತಾಯಿಯ ಕಿವಿಯಲ್ಲಿ ಏನೇನೋ ಹೇಳುತ್ತಲೇ ಇದ್ದಳು. ಜನ ಹೆಚ್ಚಾದಂತೆ ಸುಮ್ಮನಾದಳು.

ಚಿಕಿತ್ಸಕಿ ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೆಸರು ಕೂಡ ಕೇಳಲಿಲ್ಲ. ನೆಲದ ಮೇಲೆ ಬಣ್ಣದ ಪೆನ್ಸಿಲ್ ಹರಡಿ, ತಾವೂ ಒಂದು ಚಿತ್ರ ಬಿಡಿಸುತ್ತ ಕುಳಿತರು. ನಾನು ಹುಮ್ಮಸ್ಸಿನಲ್ಲಿ ಗಿರಣಿಯ ಕಥೆ ಶುರು ಮಾಡಿ, ಶಾಲೆಯಲ್ಲಿ ಒಂದೂ ಮಾತಾಡುವುದಿಲ್ಲ ಎಂದು ಎರಡು ಸಲ ಹೇಳಿದೆ.

“ಮಾತಾಡತಾಳೋ ಇಲ್ಲೋ ಅಂತ ಕೇಳಬ್ಯಾಡ್ರಿ,” ಎಂದರು ಅವರು. “ಎಲ್ಲಿ ಮಾತಾಡತಾಳ, ಯಾರ ಮುಂದ ನಿಲ್ಲತೈತಿ, ಅದನ್ನ ನೋಡ್ರಿ.”

ಮೊದಲು ಕಿವಿಯ ಪರೀಕ್ಷೆ ಮಾಡಿಸಿದರು. ಕಿವಿ ಸರಿಯಿತ್ತು. ಆಮೇಲೆ ವಿಡಿಯೋಗಳನ್ನು ಒಂದೊಂದಾಗಿ ನೋಡಿದರು. ಒಂದರಲ್ಲಿ ಹುಡುಗಿ ಬೆಕ್ಕಿನ ಮರಿಯನ್ನು ಎತ್ತಿ ತಂದು ತಾಯಿಗೆ ತೋರಿಸಿ, ತಾಯಿಯ ಮುಖ ನೋಡುತ್ತಾಳೆ, ಅಮ್ಮನಿಗೂ ಖುಷಿಯಾಯಿತೋ ಇಲ್ಲವೋ ಎಂದು. ಇನ್ನೊಂದರಲ್ಲಿ ಅಪ್ಪನಿಗೆ ಸಿಟ್ಟು ಬರುತ್ತಿದೆ ಎಂದು ಕಂಡ ಕೂಡಲೇ ಮಾತು ತಿರುಗಿಸುತ್ತಾಳೆ. ಚಿಕಿತ್ಸಕಿ ಅಲ್ಲಲ್ಲಿ ನಿಲ್ಲಿಸಿ ನನಗೆ ತೋರಿಸಿದರು. ಆಟಿಸಂ ಇದ್ದ ಮಗುವಿಗೆ ಇಂಥ ಕೊಡುಕೊಳೆ ಹೆಚ್ಚಾಗಿ ಕಷ್ಟ, ಮನೆಯಲ್ಲಿ ಒಂದು ಶಾಲೆಯಲ್ಲಿ ಒಂದು ಅಂತ ಇಷ್ಟು ಬೇರೆ ಇರುವುದು ಕಡಿಮೆ, ಅದರ ಸ್ವಭಾವ ಅದು ಹೋದಲ್ಲೆಲ್ಲ ಅದರ ಜೊತೆ ಹೋಗುತ್ತದೆ ಎಂದರು. ಆಟಿಸಂ ಇದ್ದವರಲ್ಲಿ ಕೆಲವರು ಬಹಳ ಮಾತಾಡುತ್ತಾರೆ, ಕೆಲವರು ಮಾತೇ ಆಡುವುದಿಲ್ಲ, ಆದ್ದರಿಂದ ಮಾತೊಂದನ್ನೇ ಹಿಡಿದು ಹೇಳಲು ಬರುವುದಿಲ್ಲ. ಇವಳಿಗೆ ಇರುವುದು ಸೆಲೆಕ್ಟಿವ್ ಮ್ಯೂಟಿಸಂ, ಅಂದರೆ ಕೆಲವು ಕಡೆ, ಕೆಲವರ ಮುಂದೆ ಮಾತ್ರ ಮಾತು ಕಟ್ಟಿಹೋಗುವುದು ಎಂದು ಕಾಣುತ್ತದೆ. ಆದರೆ ಎರಡೂ ಒಂದೇ ಮಗುವಿನಲ್ಲಿ ಇರುವುದೂ ಉಂಟು, ಇನ್ನೂ ಮೂರು ಸಲ ನೋಡದೆ ಬರೆದುಕೊಡುವುದಿಲ್ಲ ಎಂದರು. ಒಂದೇ ಹಾಳೆ ನೋಡಿ ಹೇಳಿಬಿಟ್ಟಿದ್ದ ನಾನು ತಲೆ ತಗ್ಗಿಸಿದೆ.

“ಸೆಲೆಕ್ಟಿವ್ ಅಂದ್ರ ಆರಿಸಿಕೊಂಡು ಸುಮ್ಮನಿರೂದು ಅಂತ ಮಂದಿ ತಿಳಕೋತಾರ,” ಎಂದರು. “ಇಕಿ ಏನೂ ಆರಿಸಿಕೊಂಡಿಲ್ರಿ. ಅಂಜಿಕಿ ಗಂಟಲಾ ಹಿಡಕೋತೈತಿ.”

ಮನೆತನದಲ್ಲಿ ಹೀಗೆ ಇನ್ನಾರಾದರೂ ಇದ್ದಾರೆಯೇ ಎಂದು ಅವರು ಕೇಳಿದಾಗ ತಾಯಿ ಸವಣೂರಿಗೆ ಕೊಟ್ಟ ತನ್ನ ನಾದಿನಿಯ ಹೆಸರು ಹೇಳಿದಳು. ಗಿರಣಿಯವರ ತಂಗಿ, ಮೂವತ್ತರ ಆಸುಪಾಸು. ಅತ್ತೆ ಮಾವಂದಿರ ಮುಂದೆ, ಬಂದ ಬೀಗರ ಮುಂದೆ ಆಕೆ ತುಟಿ ಬಿಚ್ಚಿದ್ದನ್ನು ಕಂಡವರಿಲ್ಲ. ಎಂಥ ಮರ್ಯಾದಸ್ಥ ಸೊಸೆ ಎಂದು ಊರೆಲ್ಲ ಹೊಗಳುತ್ತಿತ್ತು.

ಅಲ್ಲೇ ಕುಳಿತು ನಾನು ನನ್ನ ಮಾಮಾನ ವಿಷಯ ಎತ್ತಿದೆ. ಹಿರೇಕೆರೂರಿನಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿರುವ ನನ್ನ ಸೋದರಮಾವ. ಮದುವೆಯಾಗಿಲ್ಲ, ನಲವತ್ತಾರು ವರ್ಷ. ಮದುವೆ ಮನೆಗಳಲ್ಲಿ ಬ್ಯಾಂಡು ಶುರುವಾದರೆ ಅವನ ಮಾತು ನಿಲ್ಲುತ್ತದೆ, ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಾನೆ. ಹಾಗಾದರೆ ಅವನದೂ ಇದೇ ಹೆದರಿಕೆ ಇರಬೇಕಲ್ಲ ಎಂದೆ. ಹೊಸದಾಗಿ ಕಲಿತ ಹೆಸರನ್ನು ಕಂಡಕಂಡವರಿಗೆ ಹಚ್ಚುವ ಉಮೇದು ನನಗೆ.

ಅವರು ನಕ್ಕರು. ಮನೆಯಲ್ಲಿ ಹೇಗಿರುತ್ತಾನೆ ಎಂದು ಕೇಳಿದರು. ನಾನು ಯೋಚಿಸಿದೆ. ಮನೆಯಲ್ಲೂ ಹಾಗೆಯೇ, ಅಂಗಡಿಯಲ್ಲೂ ಹಾಗೆಯೇ. ತಂತಿ ಸುತ್ತುವ ವಿಷಯ ಬಂದರೆ ಪರಿಚಯವಿಲ್ಲದವರ ಎದುರೂ ಅರ್ಧ ತಾಸು ಮಾತಾಡುತ್ತಾನೆ, ಎದುರಿನವರು ಗಡಿಯಾರ ನೋಡಿದರೂ ಅವನಿಗೆ ತಿಳಿಯುವುದಿಲ್ಲ. ಚಿಕ್ಕಂದಿನಿಂದ ಒಂದೇ ತಾಟು, ಒಂದೇ ಜಾಗ, ರೊಟ್ಟಿಗೆ ಮೊಸರೇ ಆಗಬೇಕು. ಅಜ್ಜ ತೀರಿಕೊಂಡ ದಿನ ಬಂದವರಿಗೆಲ್ಲ ಮೋಟಾರಿನ ಸುತ್ತುಗಳ ಲೆಕ್ಕ ಹೇಳಿ ‘ಕರುಳಿಲ್ಲದಾಂವ’ ಎನ್ನಿಸಿಕೊಂಡಿದ್ದ. ಮರುದಿನದಿಂದ ಒಂದು ತಿಂಗಳು ಅಜ್ಜನ ಧೋತರ ಹೊದ್ದೇ ಮಲಗಿದ್ದನ್ನು ನಾವು ಮನೆಯವರು ಮಾತ್ರ ಬಲ್ಲೆವು. ಹೇಳುತ್ತ ಹೇಳುತ್ತ ನನ್ನ ದನಿ ನಿಧಾನವಾಯಿತು. ಹುಡುಗಿಗೆ ನಾನು ಹಚ್ಚಿದ್ದ ಆಟಿಸಂ ಎಂಬ ಹೆಸರು ಸೇರಬೇಕಾದದ್ದು ನಮ್ಮ ಮಾಮಾನಿಗೇ ಇರಬಹುದು. ಬ್ಯಾಂಡಿನ ಮುಂದೆ ಅವನ ಬಾಯಿ ಕಟ್ಟುವುದು ಮಂದಿಯ ಹೆದರಿಕೆಯಿಂದಲ್ಲ, ಸದ್ದು ತಡೆಯಲಾರದೆ ಇರಬಹುದು ಎಂದರು ಚಿಕಿತ್ಸಕಿ. ದೊಡ್ಡವರನ್ನು ತಾವು ನೋಡುವುದಿಲ್ಲ, ಹುಬ್ಬಳ್ಳಿಯ ಮನೋವೈದ್ಯರಿಗೆ ತೋರಿಸಿ ಎಂದರು.

ಮಾಮಾನನ್ನು ಹುಬ್ಬಳ್ಳಿಗೆ ಒಯ್ಯುವುದು ಕಷ್ಟವಾಗಲಿಲ್ಲ. ಯಾವ ಬಸ್ಸು, ಎಷ್ಟು ಹೊತ್ತಿಗೆ, ಅಲ್ಲಿ ಏನೇನು ಕೇಳುತ್ತಾರೆ ಎಂದು ಮೊದಲೇ ಹಾಳೆಯಲ್ಲಿ ಬರೆದುಕೊಟ್ಟೆ, ಬಂದ. ವೈದ್ಯರು ನನ್ನ ಅವ್ವನನ್ನೂ ಕರೆಸಿಕೊಂಡು ತಮ್ಮನ ಬಾಲ್ಯದ ಬಗ್ಗೆ ಬಹಳ ಕೇಳಿದರು. ಎರಡನೇ ಭೇಟಿಯಲ್ಲಿ ಅವನಿಗೆ ಆಟಿಸಂ ಇದೆ ಎಂದರು. ಹುಟ್ಟಿನಿಂದ ಬಂದದ್ದು, ರೋಗವಲ್ಲ, ಸುತ್ತಲಿನವರು ಅರ್ಥ ಮಾಡಿಕೊಂಡರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ ಎಂದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಮಾ ಮಾತ್ರ ಗೋಡೆಯ ಸ್ವಿಚ್ ಬೋರ್ಡು ನೋಡುತ್ತ ಕುಳಿತಿದ್ದ.

“ಹಂಗಾರ ನನಗ ಕರುಳಿಲ್ಲ ಅನ್ನೂದು ತಪ್ಪು,” ಎಂದ. “ಅದನ್ನ ಬರದ ಕೊಡ್ರಿ.”

ವೈದ್ಯರು ಬರೆದುಕೊಟ್ಟರು. ಅವನು ಆ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಅಂಗಡಿಯ ಗೋಡೆಗೆ ಹಚ್ಚಿದ. ಬಂದ ಗಿರಾಕಿಗಳೆಲ್ಲ ಲೈಸೆನ್ಸು ಎಂದುಕೊಳ್ಳುತ್ತಾರೆ.

ಅಷ್ಟರಲ್ಲಿ ಶಾಲೆಯಲ್ಲಿ ನಮ್ಮ ಕೆಲಸ ಶುರುವಾಗಿತ್ತು. ಮೂರು ಸಲ ನೋಡಿದ ಮೇಲೆ ಚಿಕಿತ್ಸಕಿ ಸೆಲೆಕ್ಟಿವ್ ಮ್ಯೂಟಿಸಂ ಎಂದೇ ಬರೆದರು. ಶಾಲೆ ಬಿಟ್ಟ ಮೇಲೆ ತಾಯಿ ಬಂದು ಖಾಲಿ ತರಗತಿಯಲ್ಲಿ ಮಗಳ ಜೊತೆ ಆಡಬೇಕು, ನಾನು ಸ್ವಲ್ಪ ಸ್ವಲ್ಪವಾಗಿ ಹತ್ತಿರ ಬರಬೇಕು, ಏನೂ ಕೇಳಬಾರದು. ಮೊದಲ ವಾರ ನಾನು ಆಫೀಸು ಕೋಣೆಯಲ್ಲಿದ್ದೆ. ಆಮೇಲೆ ವರಾಂಡದಲ್ಲಿ ಮಕ್ಕಳ ಬರವಣಿಗೆಯ ಪಟ್ಟಿ ತಿದ್ದುತ್ತ ಕೂತೆ. ನನ್ನನ್ನು ಕಂಡು ಅವಳ ದನಿ ಪಿಸುಮಾತಾಯಿತು, ನಾಲ್ಕು ದಿನಕ್ಕೆ ಮತ್ತೆ ಏರಿತು. ಬಾಗಿಲಿಗೆ ಬಂದೆ. ಮತ್ತೆ ಇಳಿಯಿತು, ಮತ್ತೆ ಏರಿತು. ಒಳಗೆ ಬಂದು ಬೆನ್ನು ಹಾಕಿ ಕೂತ ದಿನ ಖುಷಿ ತಡೆಯಲಾರದೆ ತಿರುಗಿ “ಯಾರು ಗೆದ್ರಿ?” ಎಂದುಬಿಟ್ಟೆ. ಮುಗಿಯಿತು. ಎರಡು ವಾರ ಪಿಸುಮಾತೂ ಇಲ್ಲ. ತಾಯಿ ನನ್ನ ಮೇಲೆ ಸಿಟ್ಟಾಗಲಿಲ್ಲ, ನಾನೇ ನನ್ನ ಮೇಲೆ ಸಿಟ್ಟಾದೆ. ಮತ್ತೆ ವರಾಂಡದಿಂದ ಶುರು ಮಾಡಿದೆ.

ಅಕ್ಟೋಬರ್ ರಜೆ ಕಳೆದ ಮೇಲೆ ಚೌಕಾಬಾರದಲ್ಲಿ ನನ್ನನ್ನೂ ಸೇರಿಸಿಕೊಂಡರು. ತಾಯಿಯ ಕಾಯಿ ಹರಳು, ಅವಳದು ಬಳೆಚೂರು, ನನ್ನದು ಹುಣಸೆಬೀಜ. ನಾನು ಕವಡೆ ಹಾಕುವುದು, ನಡೆಸುವುದು, ಅಷ್ಟೇ. ಒಂಬತ್ತು ದಿನ ಹಾಗೆಯೇ ಆಡಿದೆವು. ಹತ್ತನೇ ದಿನ ನನಗೆ ಮೂರು ಬಿತ್ತು. ನಾನು ಯಾವುದೋ ಯೋಚನೆಯಲ್ಲಿ ಬಳೆಚೂರಿಗೆ ಕೈ ಹಾಕಿದೆ.

“ಅದು ನಿಮ್ಮ ಕಾಯಿ ಅಲ್ರಿ.”

ಗಟ್ಟಿಯಾಗಿಯೇ ಹೇಳಿದ್ದಳು. ನನಗೇ ಹೇಳಿದ್ದಳು. ಹೊಗಳಬಾರದು, ಚಪ್ಪಾಳೆ ಹೊಡೆಯಬಾರದು, ಮುಖ ನೋಡಬಾರದು ಎಂದು ಚಿಕಿತ್ಸಕಿ ಕಿವಿ ಹಿಂಡಿ ಹೇಳಿದ್ದರು. “ಹೌದಲ್ಲ, ನಂದು ಹುಣಸಿಬೀಜ,” ಎಂದು ನನ್ನ ಕಾಯಿ ನಡೆಸಿದೆ. ತಾಯಿ ಕವಡೆ ಎತ್ತಿಕೊಳ್ಳಹೋಗಿ ಎರಡನ್ನು ಬೆಂಚಿನ ಕೆಳಗೆ ಉರುಳಿಸಿದಳು. ಹುಡುಗಿ ಅವನ್ನು ಹುಡುಕಿ ತಂದು, ತನ್ನ ಸರತಿ ಎಂದು ಗದರಿಸಿ ಆಟ ಮುಂದುವರಿಸಿದಳು.

ಅವರು ಗೇಟು ದಾಟುವ ತನಕ ತಡೆದುಕೊಂಡೆ. ಆಮೇಲೆ ಖಾಲಿ ಮೈದಾನದಲ್ಲಿ ಒಂದು ಸುತ್ತು ಓಡಿದೆ, ಸೀರೆ ಎತ್ತಿ ಹಿಡಿದು. ಹೆಡ್ ಮಾಸ್ತರರ ಕೋಣೆಗೆ ನುಗ್ಗಿ ಹೇಳಿದ ರಭಸಕ್ಕೆ ಅವರು ಏನೋ ಅನಾಹುತವಾಯಿತೆಂದು ಕುರ್ಚಿಯಿಂದ ಎದ್ದು ನಿಂತರು.

ಜನವರಿಯಲ್ಲಿ ಶಾಲೆಯ ಟ್ಯಾಂಕಿಗೆ ನೀರೇರಿಸುವ ಮೋಟಾರು ಸುಟ್ಟಿತು. ನಾನು ಮಾಮಾನಿಗೆ ಫೋನು ಮಾಡಿದೆ. ಹಿರೇಕೆರೂರಿನಿಂದ ಬೈಕಿನಲ್ಲಿ ಬಂದು, ವರಾಂಡದ ಮೂಲೆಯಲ್ಲಿ ಮೋಟಾರು ಬಿಚ್ಚಿ ಕುಳಿತ. ಶಾಲೆ ಬಿಟ್ಟಿತ್ತು. ತಾಯಿ ಬರುವ ತನಕ ಹುಡುಗಿ ಅಲ್ಲೇ ಕಂಬಕ್ಕೆ ಆತು ನಿಂತಿದ್ದಳು. ಮಾಮಾ ಅವಳ ಕಡೆ ನೋಡಲಿಲ್ಲ. ಯಾರ ಮಗಳು, ಯಾವ ಕ್ಲಾಸು ಎಂದು ಕೇಳಲಿಲ್ಲ. ತಂತಿಯ ಸುರುಳಿ ಬಿಚ್ಚುತ್ತ, ತನ್ನಷ್ಟಕ್ಕೆ ಸುತ್ತುಗಳ ಲೆಕ್ಕ ಹೇಳಿಕೊಳ್ಳುತ್ತಿದ್ದ. ಅವಳು ಒಂದು ಹೆಜ್ಜೆ ಬಂದಳು, ಇನ್ನೊಂದು ಹೆಜ್ಜೆ ಬಂದಳು, ಕುಕ್ಕರಗಾಲಲ್ಲಿ ಕುಳಿತಳು.

“ಈ ತಂತಿ ಯಾಕ ಕರ್ರಗ ಆಗೇತ್ರಿ?” ಎಂದಳು.

ನಾನು ತರಗತಿಯ ಬಾಗಿಲ ಹಿಂದೆ ಸೀಮೆಸುಣ್ಣದ ಡಬ್ಬಿ ಹಿಡಿದು ನಿಂತವಳು ಹೊರಗೆ ಹೆಜ್ಜೆ ಇಡಲಿಲ್ಲ. ಅಲ್ಲಿಯವರೆಗೆ ಅವಳು ಮನೆಯ ಹೊರಗಿನ ಯಾವ ಗಂಡಸಿನ ಮುಂದೆಯೂ ಬಾಯಿ ಬಿಟ್ಟವಳಲ್ಲ. ಮಾಮಾ ತಲೆ ಎತ್ತದೆ, ತಂತಿ ಯಾಕೆ ಕಾಯುತ್ತದೆ, ಅದರ ಮೇಲಿನ ಬಣ್ಣ ಹೇಗೆ ಸುಡುತ್ತದೆ ಎಂದು ಇಪ್ಪತ್ತು ನಿಮಿಷ ಹೇಳಿದ. ಅವಳು ನಡುನಡುವೆ ಕೇಳುತ್ತಲೇ ಇದ್ದಳು. ಇಂಥ ಹೆದರಿಕೆ ಇರುವ ಮಗುವಿಗೆ, ದಿಟ್ಟಿಸಿ ನೋಡದ, ಪ್ರಶ್ನೆ ಕೇಳದ ಮನುಷ್ಯನಷ್ಟು ಸಲೀಸು ಬೇರೆ ಯಾರೂ ಇಲ್ಲ ಎಂದು ಆಮೇಲೆ ಚಿಕಿತ್ಸಕಿ ಹೇಳಿದರು. ಆ ಸಂಜೆ ಮಾಮಾನಿಗೆ, ನೀನು ಎಂಥ ಕೆಲಸ ಮಾಡಿದೆ ಗೊತ್ತೇನು ಎಂದೆ. ಬೇರಿಂಗ್ ಇನ್ನೂ ಹಾಕಿಲ್ಲ ಎಂದ.

ಈಗ ಅವಳು ಎರಡನೇ ತರಗತಿ. ಐದಾರು ಗೆಳತಿಯರ ಜೊತೆ ಮಾತಾಡುತ್ತಾಳೆ, ನನಗೊಬ್ಬಳಿಗೇ ಪಾಠ ಓದಿ ತೋರಿಸುತ್ತಾಳೆ, ಹೊರಗೆ ಹೋಗಬೇಕಾದರೆ ಕೇಳುತ್ತಾಳೆ. ಹೆಡ್ ಮಾಸ್ತರರ ಮುಂದೆ ಇನ್ನೂ ಇಲ್ಲ. ವಾರ್ಷಿಕ ಸಮ್ಮೇಳನದ ವೇದಿಕೆ ಹತ್ತಲಿಲ್ಲ, ನಾವು ಹತ್ತಿಸಲೂ ಇಲ್ಲ.

ಹುಡುಗಿಯ ಸೋದರತ್ತೆ, ಸವಣೂರಿನ ಆಕೆಯ ವಿಷಯ ಹೇಳಬೇಕು. ನಾನು ಹುಡುಗಿಯ ತಾಯಿಯ ಜೊತೆ ಆಕೆಯ ಮನೆಗೆ ಹೋಗಿದ್ದೆ. ಚಹಾ ಕೊಟ್ಟು, ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಅತ್ತೆ ಅವಳ ಗುಣಗಾನ ಮಾಡುತ್ತಿದ್ದರು. ಚಿಕಿತ್ಸಕಿ ಹೇಳಿದ್ದನ್ನೆಲ್ಲ ನಾನು ಅವಳ ಕಡೆ ನೋಡದೆ ಮೆಲ್ಲಗೆ ಹೇಳಿ, ನನ್ನ ನಂಬರ್ ಬರೆದಿಟ್ಟು ಬಂದೆ. ಹಾನಗಲ್ ಮುಟ್ಟುವ ಮೊದಲೇ ಫೋನಿಗೆ ಅವಳ ಬರಹ ಬಂತು.

‘ನಾ ಸಾಲ್ಯಾಗ ಏಳು ವರ್ಷ ಮಾತಾಡಿಲ್ರಿ. ಆಗ ಸೊಕ್ಕು ಅಂದ್ರು. ಈಗ ಮರ್ಯಾದಿ ಅಂತಾರ. ಎರಡೂ ಸುಳ್ಳರಿ. ಮಾತು ಗಂಟಲತನಕ ಬರತಾವ, ಅಲ್ಲೇ ನಿಂದರತಾವ. ಇದಕ್ಕೊಂದು ಹೆಸರೈತಿ ಅಂತ ನನಗ ಗೊತ್ತಿರಲಿಲ್ರಿ.’

ಅದನ್ನು ನಾನು ಬಸ್ಸಿನಲ್ಲಿ ನಾಲ್ಕು ಸಲ ಓದಿದೆ. ಆಮೇಲೆ ಆಕೆ ಹುಬ್ಬಳ್ಳಿಯ ಅದೇ ವೈದ್ಯರಿಗೆ ತೋರಿಸಿದ್ದಾಳೆ. ದೊಡ್ಡವರಿಗೂ ಇದೇ ದಾರಿ, ಸಣ್ಣ ಹೆಜ್ಜೆಗಳು, ನಿಧಾನ. ಆರು ತಿಂಗಳು ನಾವು ಬರೆದೇ ಮಾತಾಡಿದೆವು. ಹೋದ ಗುರುವಾರ ಶಾಲೆ ಬಿಡುವ ಹೊತ್ತಿಗೆ ಫೋನು ಸದ್ದು ಮಾಡಿತು. ಬರಹವಲ್ಲ, ದನಿ. ಹನ್ನೊಂದು ಸೆಕೆಂಡು.

“ಅಕ್ಕೋರ, ನಾನ್ರಿ. ಸವಣೂರಿಂದ. ಆರಾಮದೀರೇನ್ರಿ?”

ನಡುವೆ ಎರಡು ಕಡೆ ಉಸಿರು ಕಟ್ಟಿತ್ತು. ದನಿ ನಮ್ಮ ಹುಡುಗಿಯದಕ್ಕಿಂತ ತೆಳು. ನನಗೆ ಕಿರುಚಿ ಎಲ್ಲರನ್ನೂ ಕರೆಯಬೇಕೆನ್ನಿಸಿತು. ಮಾಡಲಿಲ್ಲ. ಬೇವಿನ ಮರದ ಕೆಳಗೆ ಹೋಗಿ ನಿಂತು, ದಿನಾ ಮಾತಾಡುವವರ ಹಾಗೆ, ಆರಾಮದೇನಿ, ನೀವು ಹ್ಯಾಂಗದೀರಿ ಎಂದು ದನಿಯಲ್ಲೇ ಕಳಿಸಿದೆ. ಆಮೇಲೆ ಪರದೆಯನ್ನೇ ನೋಡುತ್ತ ನಿಂತೆ. ಆಕೆ ಅದನ್ನು ಕೇಳಿಸಿಕೊಂಡ ಗುರುತು ಬಿತ್ತು. ಅವಳದೇ ದನಿ ಮತ್ತೊಂದು ಬಂತು. ಒಂದು ನಿಮಿಷ ಹನ್ನೆರಡು ಸೆಕೆಂಡು ಇತ್ತು.